ಕೈಗಳ ಲೆಕ್ಕ: ಚೀನಾದ ರೈತರು ಇಳಿಜಾರು ಹೊಲವನ್ನು ಕಾಡಿಗೆ ಬಿಟ್ಟದ್ದೇಕೆ?

ಚೀನಾದ ಶಾನ್‌ಶಿ ಪ್ರಾಂತ್ಯದ ಯಾನಾನ್ ಸೀಮೆಯಲ್ಲಿ ವೂಚಿ ಎಂಬ ಕೌಂಟಿ ಇದೆ. ಗಾಳಿ ಹೊತ್ತು ತಂದು ಸುರಿದ ಹಳದಿ ಮಣ್ಣಿನ ಗುಡ್ಡಗಳ ನಾಡು ಅದು. ಜೋರು ಮಳೆ ಬಿದ್ದರೆ ಹೊಲದ ಮೇಲ್ಮಣ್ಣು ಕೊಚ್ಚಿ ಹಳ್ಳ ಸೇರುತ್ತದೆ, ಹಳ್ಳದಿಂದ ಹಳದಿ ನದಿಗೆ ಹೋಗುತ್ತದೆ. 1998ರಲ್ಲಿ ಅಲ್ಲಿ ಕುರಿ, ಆಡುಗಳನ್ನು ಗುಡ್ಡಕ್ಕೆ ಬಿಡುವುದನ್ನು ನಿಷೇಧಿಸಲಾಯಿತು. ಮರುವರ್ಷ ಒಂದೇ ಏಟಿಗೆ 15.5 ಲಕ್ಷ ಮು ಇಳಿಜಾರು ಹೊಲದಲ್ಲಿ ಉಳುಮೆ ನಿಂತಿತು. ಒಂದು ಮು ಎಂದರೆ ನಮ್ಮ ಅಳತೆಯಲ್ಲಿ ಸುಮಾರು ಆರೂವರೆ ಗುಂಟೆ; ಒಟ್ಟು ಎರಡೂವರೆ ಲಕ್ಷ ಎಕರೆಗೂ ಹೆಚ್ಚು. ನವಣೆ, ಆಲೂಗಡ್ಡೆ ಬೆಳೆದು ಹೊಟ್ಟೆ ಹೊರೆಯುತ್ತಿದ್ದ ಕುಟುಂಬಗಳು ಅಷ್ಟು ನೆಲವನ್ನು ಗಿಡಗಳಿಗೆ ಬಿಟ್ಟುಕೊಟ್ಟವು.

ಬಿಟ್ಟುಕೊಟ್ಟದ್ದೇಕೆ? ಪರಿಹಾರ ಸಿಕ್ಕಿತು, ಅದಕ್ಕೆ ಎಂಬುದು ಸುಲಭದ ಉತ್ತರ. ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಹೊಲದ ಇಳುವರಿಯ ಜೊತೆಗೆ ರೈತ ಕುಟುಂಬ ಇನ್ನೊಂದು ಲೆಕ್ಕವನ್ನೂ ಹಾಕಿತ್ತು: ಆ ಹೊಲ ಮನೆಯ ಎಷ್ಟು ಕೈಗಳನ್ನು ಹಿಡಿದಿಟ್ಟುಕೊಂಡಿದೆ ಎಂಬ ಲೆಕ್ಕ. ಈ ಲೇಖನದ ವಾದ ನಿಂತಿರುವುದು ಅದರ ಮೇಲೆ.

ಇಳಿಜಾರು ಹೊಲವನ್ನು ಕಾಡಿಗೆ ಬಿಟ್ಟವರಿಗೆ ಸರ್ಕಾರ ಪರಿಹಾರ ಕೊಡುವ ಈ ಯೋಜನೆಯ ಹಿನ್ನೆಲೆ ಗೊತ್ತಿರುವಂಥದ್ದೇ. 1998ರ ಬೇಸಿಗೆಯ ಯಾಂಗ್ಟ್ಸಿ ಪ್ರವಾಹ ಸಾವಿರಾರು ಜೀವಗಳನ್ನು ಬಲಿ ತೆಗೆದುಕೊಂಡಿತು. ಮೇಲಿನ ಕಣಿವೆಗಳಲ್ಲಿ ಕಾಡು ಕಡಿದದ್ದು, ಕಡಿದಾದ ಗುಡ್ಡಗಳನ್ನು ಉತ್ತದ್ದು ಅನಾಹುತವನ್ನು ಹೆಚ್ಚಿಸಿತು ಎಂಬ ನಿರ್ಣಯಕ್ಕೆ ಸರ್ಕಾರ ಬಂದಿತು. 25 ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ಹೊಸದಾಗಿ ಸಾಗುವಳಿ ಮಾಡಬಾರದು ಎಂದು 1991ರ ಮಣ್ಣು–ನೀರು ಸಂರಕ್ಷಣಾ ಕಾನೂನೇ ಹೇಳಿತ್ತು. ಆದರೆ ಹಸಿದ ಮನೆಯ ನೇಗಿಲನ್ನು ಕಾನೂನು ತಡೆದಿರಲಿಲ್ಲ. 1999ರಲ್ಲಿ ಸಿಚುವಾನ್, ಶಾನ್‌ಶಿ, ಗಾನ್ಸು ಪ್ರಾಂತ್ಯಗಳಲ್ಲಿ ಪ್ರಯೋಗವಾಗಿ ಆರಂಭವಾದ ಯೋಜನೆ 2002ರಲ್ಲಿ ದೇಶವ್ಯಾಪಿಯಾಯಿತು. ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ 4.1 ಕೋಟಿ ಕುಟುಂಬಗಳು, ಅಂದರೆ ಸುಮಾರು 15.8 ಕೋಟಿ ಜನ ಅದರೊಳಗಿದ್ದರು.

ಪರಿಹಾರ ಮೊದಲು ಬಂದದ್ದು ಧಾನ್ಯದ ರೂಪದಲ್ಲಿ. ತೊಂಬತ್ತರ ದಶಕದ ಕೊನೆಗೆ ಸರ್ಕಾರಿ ಕಣಜಗಳು ತುಂಬಿ ತುಳುಕುತ್ತಿದ್ದವು. ಯಾಂಗ್ಟ್ಸಿ ಕೊಳ್ಳದಲ್ಲಿ ಮು ಒಂದಕ್ಕೆ ವರ್ಷಕ್ಕೆ 150 ಕಿಲೋ, ಹಳದಿ ನದಿಯ ಕೊಳ್ಳದಲ್ಲಿ 100 ಕಿಲೋ. ಜೊತೆಗೆ 20 ಯುವಾನ್ ನಗದು, ಸಸಿಗೆಂದು ಒಂದು ಬಾರಿ 50 ಯುವಾನ್. ಹಣ್ಣು, ಕಾಯಿ ಕೊಡುವ ಮರಗಳಿಗೆ ಐದು ವರ್ಷ, ಕಾಡುಮರಗಳಿಗೆ ಎಂಟು ವರ್ಷ. ವಾಯವ್ಯದ ಒಣ ಗುಡ್ಡಗಳಲ್ಲಿ ಬರದ ವರ್ಷ ಒಂದು ಮು ಹೊಲ 100 ಕಿಲೋ ಕೊಡುವುದೇ ದುಸ್ತರ. ಎಮಿ ಉಚಿದಾ, ಜಿನ್‌ತಾವ್ ಶು, ಸ್ಕಾಟ್ ರೊಝೆಲ್ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಗುರುತಿಸಿತು: ಹಿಂದೆ ಹೊಲದಿಂದ ಬರುತ್ತಿದ್ದುದಕ್ಕಿಂತ ಹೆಚ್ಚು ಪರಿಹಾರ ಪಡೆದವರು ಹಲವರಿದ್ದರು, ಕಡಿಮೆ ಪಡೆದವರೂ ಇದ್ದರು.

ಪ್ರಮಾಣಕ್ಕಿಂತ ದೊಡ್ಡದು ಭರವಸೆ. ಮಳೆಯನ್ನೇ ನಂಬಿದ ಮನೆಗೆ ವರ್ಷವರ್ಷವೂ ತಪ್ಪದೆ ಬರುವ 100 ಕಿಲೋ, ಒಂದು ವರ್ಷ 150 ಬಂದು ಮರುವರ್ಷ 40 ಬರುವ ಬೆಳೆಗಿಂತ ಬೆಲೆಯುಳ್ಳದ್ದು. ಆಹಾರ ಭದ್ರತೆ ಎಂಬ ಮಾತನ್ನು ಯೋಜನಾ ದಾಖಲೆಗಳು ದೇಶದ ಮಟ್ಟದಲ್ಲಿ ಬಳಸುತ್ತವೆ. ಗುಡ್ಡದ ಮನೆಯಲ್ಲಿ ಅದರ ಅರ್ಥ ಮುಂದಿನ ಸುಗ್ಗಿಯವರೆಗೆ ಒಲೆ ಉರಿಯುವುದು.

ಇನ್ನು ಕೈಗಳ ವಿಚಾರ. ಕಡಿದಾದ, ಮನೆಗೆ ದೂರದ ಹೊಲಕ್ಕೆ ಗೊಬ್ಬರವನ್ನು ಬೆನ್ನ ಮೇಲೆ ಹೊರಬೇಕು, ಫಸಲನ್ನು ಬೆನ್ನ ಮೇಲೆ ಇಳಿಸಬೇಕು, ಯಂತ್ರ ಅಲ್ಲಿಗೆ ಹತ್ತದು. ಅಂಥ ಹೊಲದ ನಿಜವಾದ ಖರ್ಚು ದುಡಿಮೆ. ಯೋಜನೆ ಹಳ್ಳಿಗೆ ಬಂದ ಹೊತ್ತಿನಲ್ಲೇ ಕರಾವಳಿಯ ಕಾರ್ಖಾನೆಗಳು ಮತ್ತು ಕಟ್ಟಡದ ಕೆಲಸಗಳು ಒಳನಾಡಿನ ಯುವಜನರನ್ನು ಕರೆಯುತ್ತಿದ್ದವು. ಆದರೆ ಊರು ಬಿಟ್ಟು ಹೊರಡಲಿಕ್ಕೂ ಕೈಯಲ್ಲಿ ಕಾಸು ಬೇಕು: ರೈಲಿನ ಟಿಕೆಟ್ಟು, ಮೊದಲ ತಿಂಗಳ ಬಾಡಿಗೆ, ಕೆಲಸ ಸಿಗುವವರೆಗಿನ ಊಟ. ಮನೆಯಲ್ಲಿ ಉಳಿದ ಮುದುಕರಿಗೂ ಮಕ್ಕಳಿಗೂ ಕಾಳು ಬೇಕು. ಯೋಜನೆ ಈ ಎರಡು ಗಂಟುಗಳನ್ನೂ ಒಟ್ಟಿಗೆ ಸಡಿಲಿಸಿತು. ಅದೇ ಮೂವರು ವಿದ್ವಾಂಸರ 2009ರ ಅಧ್ಯಯನವೂ ಇಲ್ಲಿಗೇ ಬರುತ್ತದೆ: ಯೋಜನೆಗೆ ಸೇರಿದ ಕುಟುಂಬಗಳವರು ಹೊರಗಿನ ದುಡಿಮೆಗೆ ಹೋಗುವುದು ಹೆಚ್ಚಿತು, ಅದಕ್ಕೆ ಕೈಯ ಬಿಗಿತ ಸಡಿಲಾದದ್ದೇ ಕಾರಣವಾಗಿತ್ತು.

ಹೀಗೆ ನೋಡಿದರೆ ಸರ್ಕಾರ ಮಣ್ಣು ಉಳಿಸಲೆಂದು ಕೊಟ್ಟ ಕಾಳು, ಮನೆಯ ದೃಷ್ಟಿಯಲ್ಲಿ ಮಗನನ್ನೋ ಮಗಳನ್ನೋ ಪಟ್ಟಣಕ್ಕೆ ಕಳುಹಿಸುವ ಬಂಡವಾಳ.

ನೆಲ ಮಾತ್ರ ಕೈತಪ್ಪಬಾರದು. ಚೀನಾದ ಹಳ್ಳಿಯಲ್ಲಿ ಭೂಮಿ ಸಮುದಾಯದ್ದು, ಕುಟುಂಬಕ್ಕೆ ಇರುವುದು ಗುತ್ತಿಗೆಯ ಹಕ್ಕು. ಕುಟುಂಬದ ತಲೆಗಳು ಹೆಚ್ಚಿದಂತೆ, ಇಳಿದಂತೆ ಹೊಲಗಳನ್ನು ಮರುಹಂಚಿದ ಊರುಗಳು ಬಹಳ. ಉಳದೆ ಬಿಟ್ಟ ಹೊಲದ ಮೇಲೆ ಇತರರ ಕಣ್ಣು ಬೀಳುವ ಭಯ ಸಹಜ. 2003ರ ಜನವರಿಯಲ್ಲಿ ಜಾರಿಗೆ ಬಂದ ನಿಯಮಾವಳಿ ನೆಟ್ಟ ಮರ ನೆಟ್ಟವರದ್ದೇ ಎಂದಿತು. ಗುತ್ತಿಗೆಯನ್ನು 70 ವರ್ಷದವರೆಗೆ ವಿಸ್ತರಿಸಲು ಅವಕಾಶ ಕೊಟ್ಟಿತು. ಊರಲ್ಲಿ ಇಲ್ಲದಿದ್ದರೂ ನೆಲದ ಮೇಲಿನ ಹಕ್ಕು ಉಳಿಸಿಕೊಳ್ಳುವ ದಾರಿ ಅದು. ಈ ನಂಟು ಎಷ್ಟು ಮುಖ್ಯ ಎಂಬುದು 2008–09ರ ಜಾಗತಿಕ ಬಿಕ್ಕಟ್ಟಿನಲ್ಲಿ ಕಂಡಿತು. ಆಗ ಸುಮಾರು 2 ಕೋಟಿ ವಲಸೆ ಕಾರ್ಮಿಕರು ಕೆಲಸ ಕಳೆದುಕೊಂಡರು. ನಗರದಲ್ಲಿ ನೆಲೆಯ ನೋಂದಣಿ ಇಲ್ಲದವರಿಗೆ ಕೊನೆಯ ಆಸರೆ ಊರೇ.

ನೆರೆಯವರ ನಡೆಯೂ ಲೆಕ್ಕಕ್ಕೆ ಬರುತ್ತದೆ. ಪಾಂಡಾಗಳಿಗೆ ಹೆಸರಾದ ಸಿಚುವಾನಿನ ವೋಲಾಂಗ್ ಅಭಯಾರಣ್ಯದ ರೈತರಲ್ಲಿ ಶಿಯಾವ್‌ಡಾಂಗ್ ಚೆನ್ ಮತ್ತು ಸಂಗಡಿಗರು ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯೋಜನೆಗೆ ಮತ್ತೆ ಸೇರುವ ಒಲವು ಹಣದ ಮೊತ್ತದ ಮೇಲಷ್ಟೇ ಅಲ್ಲ, ಅಕ್ಕಪಕ್ಕದ ಮನೆಗಳ ತೀರ್ಮಾನದ ಮೇಲೂ ನಿಂತಿತ್ತು. ಸುತ್ತಲಿನ ಹೊಲಗಳೆಲ್ಲ ಕಾಡಾದರೆ ನಡುವೆ ಉಳಿದ ಒಂದು ಜೋಳದ ಹೊಲವನ್ನು ಕಾಡುಹಂದಿಗಳಿಂದ ಕಾಯುವುದು ಎಂಥ ಪಾಡೆಂದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

‘ಸೇರಿದರು’ ಎಂಬ ಕ್ರಿಯಾಪದವನ್ನೂ ಪ್ರಶ್ನಿಸಬೇಕು. ಇಂತಿಷ್ಟು ಮು ಎಂಬ ಗುರಿ ಮೇಲಿನಿಂದ ಇಳಿದು ಪ್ರಾಂತ್ಯ, ಕೌಂಟಿ, ಊರು ದಾಟಿ ಮನೆಬಾಗಿಲಿಗೆ ಬರುತ್ತಿತ್ತು. ಸೇರುವುದು, ಯಾವ ಹೊಲ ಬಿಡುವುದು, ಯಾವ ಗಿಡ ನೆಡುವುದು ಇವು ತಮ್ಮ ಕೈಯಲ್ಲಿರಲಿಲ್ಲ ಎಂದು ಸಮೀಕ್ಷೆಗಳಲ್ಲಿ ಹೇಳಿದವರು ಬಹಳ ಮಂದಿ. ಮೈಕೇಲ್ ಬೆನೆಟ್ 2008ರ ಲೇಖನದಲ್ಲಿ ಎತ್ತಿದ ಮುಖ್ಯ ಆಕ್ಷೇಪ ಇದೇ. ಒಪ್ಪಿಗೆಯನ್ನು ಅಳೆಯದೆ ಸೇರ್ಪಡೆಯನ್ನು ಮಾತ್ರ ಎಣಿಸುವ ಸಂಶೋಧನೆ ರೈತರ ಮನಸ್ಸನ್ನು ಓದಲಾರದು.

ಗಿಡದ ಆಯ್ಕೆಯಲ್ಲಿ ಈ ಎಳೆದಾಟ ಎದ್ದು ಕಾಣುತ್ತದೆ. ಮೊದಲ ಸುತ್ತಿನಲ್ಲಿ ಶೇ 80ರಷ್ಟು ಕಾಡುಮರಗಳೇ ಇರಬೇಕೆಂಬ ನಿಯಮವಿತ್ತು. ರೈತರ ಒಲವು ಅಕ್ರೋಟು, ಚೆಸ್ಟ್‌ನಟ್, ಚಹಾ, ಸೇಬಿನ ಕಡೆಗೆ. ಆಳಿಲ್ಲದ ಮನೆಗಳಿಗೆ ಆರೈಕೆ ಕೇಳದ ಒಂದೇ ಜಾತಿಯ ತೋಪು ಅನುಕೂಲ. ಇದರ ಬೆಲೆ ತೆತ್ತದ್ದು ಜೀವವೈವಿಧ್ಯ. ಸಿಚುವಾನಿನಲ್ಲಿ ಫಾಂಗ್‌ಯುವಾನ್ ಹ್ವಾ ತಂಡ 2016ರಲ್ಲಿ ತೋರಿಸಿದಂತೆ, ಒಂದೇ ಜಾತಿಯ ನೆಡುತೋಪಿನಲ್ಲಿ ಹಕ್ಕಿಗಳ ವೈವಿಧ್ಯ ಅದು ಸ್ಥಳಾಂತರಿಸಿದ ಹೊಲಕ್ಕಿಂತಲೂ ಕಡಿಮೆ.

ಕೋಲಾರ ಇಲ್ಲಿ ನೆನಪಾಗುತ್ತದೆ. ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಅಲ್ಲಿನ ರಾಗಿ ಹೊಲಗಳಿಗೆ ನೀಲಗಿರಿ ನುಗ್ಗಿತು. ಹೊಲ ಬಿಡಲು ಅಲ್ಲಿ ಯಾರೂ ಕಾಳು ಕೊಡಲಿಲ್ಲ, ಕೊಳ್ಳುವ ಕಾರ್ಖಾನೆಗಳಿದ್ದವು. ಆದರೂ ಕಾರಣಗಳು ಹತ್ತಿರದವು: ಆಳು ಸಿಗದ ಹೊಲಕ್ಕೆ ದನ ಬಾಯಿ ಹಾಕದ, ಕಾವಲು ಬೇಡದ, ಕಡಿದರೆ ಮತ್ತೆ ಚಿಗುರುವ ಮರ. ಮುಂದೆ ನೀರಿನ ಪ್ರಶ್ನೆ ಎದ್ದು, 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಚೀನಾದ ಹಳದಿ ಮಣ್ಣಿನ ಪ್ರಸ್ಥಭೂಮಿಯಲ್ಲೂ ಹಸಿರು ಅಲ್ಲಿನ ನೀರು ತಾಳಬಲ್ಲ ಮಿತಿಯ ಹತ್ತಿರಕ್ಕೆ ಬಂದಿದೆ ಎಂದು 2016ರ ಅಧ್ಯಯನವೊಂದು ಎಚ್ಚರಿಸಿದೆ.

ಪರಿಹಾರ ನಿಂತ ಮೇಲೆ ಮರ ಉಳಿಯುತ್ತದೆಯೇ? 2004ರಲ್ಲಿ ಧಾನ್ಯದ ಬದಲು ನಗದು ಬಂತು, 2007ರಲ್ಲಿ ಅವಧಿ ವಿಸ್ತರಿಸಿ ಮೊತ್ತವನ್ನು ಅರ್ಧಕ್ಕೆ ಇಳಿಸಲಾಯಿತು. ನಡುವೆ 2006ರಲ್ಲಿ ಕೃಷಿ ತೆರಿಗೆ ರದ್ದಾಗಿ, ಬೆಳೆಗೆ ನೇರ ಸಹಾಯಧನವೂ ಬಂದು ಉಳುಮೆಯ ತೂಕ ಹೆಚ್ಚಿತ್ತು. ಹೊರಗಿನ ದುಡಿಮೆಯಲ್ಲಿ ಬೇರು ಬಿಟ್ಟ ಮನೆಗೆ ಇದರಿಂದ ಹೆಚ್ಚಿನ ವ್ಯತ್ಯಾಸವಾಗದು. ಹೊರಗೆ ಹೋಗಲಾರದ, ವಯಸ್ಸಾದವರೇ ಇರುವ, ಬೇರೆ ಕಸುಬು ತಿಳಿಯದ ಮನೆಗೆ ಅದೇ ಇಳಿಜಾರು ಮತ್ತೆ ಹೊಲವಾಗಿ ಕಾಣುತ್ತದೆ.

2014ರ ಎರಡನೇ ಸುತ್ತು ರೈತರ ಸ್ವಇಚ್ಛೆಯನ್ನು ನಿಯಮದಲ್ಲೇ ಬರೆದು, ಹಣ್ಣಿನ ಮರಗಳ ಮೇಲಿನ ಮಿತಿಯನ್ನು ತೆಗೆದುಹಾಕಿತು. ಮು ಒಂದಕ್ಕೆ 1,500 ಯುವಾನ್, ಐದು ವರ್ಷಗಳಲ್ಲಿ ಮೂರು ಕಂತು. 2022ರಲ್ಲಿ ಬೀಜಿಂಗ್ ಹೊಸ ಹೊಲಗಳನ್ನು ಸೇರಿಸಿಕೊಳ್ಳುವುದನ್ನು ತಡೆಹಿಡಿಯಿತು. ಎರಡನೇ ಸುತ್ತಿನಲ್ಲಿ ಬಿಟ್ಟ ಹೊಲಗಳಿಗೆ ಇನ್ನೂ ಐದು ವರ್ಷ, ಮು ಒಂದಕ್ಕೆ ವರ್ಷಕ್ಕೆ 100 ಯುವಾನಿನಂತೆ ಕೊಡುವುದಾಗಿ ಹೇಳಿತು.