ಅಯೋವಾ ವಿಶ್ವವಿದ್ಯಾಲಯದ ಕುಸ್ತಿ ತಂಡ

ಅಯೋವಾ ಅಮೆರಿಕದ ಮೆಕ್ಕೆಜೋಳದ ಸೀಮೆ. ಅಲ್ಲಿನ ಅಯೋವಾ ಸಿಟಿಯ ವಿಶ್ವವಿದ್ಯಾಲಯದಲ್ಲಿ ಕುಸ್ತಿ ತಂಡ ಶುರುವಾದದ್ದು 1911ರಲ್ಲಿ. ಆರು ದಶಕ ದಾಟಿದರೂ ರಾಷ್ಟ್ರೀಯ ಪ್ರಶಸ್ತಿ ಕೈಗೆ ಸಿಗಲಿಲ್ಲ. 1972ರಲ್ಲಿ ಗ್ಯಾರಿ ಕರ್ಡೆಲ್‌ಮೈಯರ್ ತರಬೇತುದಾರರಾದರು. ಅದೇ ವರ್ಷ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಎದುರಾಳಿಗಳಿಗೆ ಒಂದು ಅಂಕವನ್ನೂ ಬಿಟ್ಟುಕೊಡದೆ ಚಿನ್ನ ಗೆದ್ದಿದ್ದ ಡ್ಯಾನ್ ಗೇಬಲ್ ಅವರನ್ನು ಅವರು ಸಹಾಯಕರಾಗಿ ಕರೆತಂದರು. ಗೇಬಲ್ ಓದಿ ಬೆಳೆದದ್ದು ಬದ್ಧ ಪ್ರತಿಸ್ಪರ್ಧಿಯಾದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ತಂಡದ ಚರಿತ್ರೆ ಮಗ್ಗುಲು ಬದಲಿಸಿದ್ದು ಈ ಒಂದು ನೇಮಕದಿಂದ. 1975, 1976ರಲ್ಲಿ ಪ್ರಶಸ್ತಿ ಬಂತು.

1976ರಿಂದ 1997ರವರೆಗೆ ಗೇಬಲ್ ಅವರದೇ ಮುಖ್ಯ ಹೊಣೆ. ಆ ಅವಧಿಯಲ್ಲಿ ಬಂದ ರಾಷ್ಟ್ರೀಯ ಪ್ರಶಸ್ತಿಗಳು 15. ಅವುಗಳಲ್ಲಿ 1978ರಿಂದ 1986ರವರೆಗಿನ ಒಂಬತ್ತು ಸತತವಾಗಿ ಬಂದವು. ಎರಡು ತಂಡಗಳ ಮುಖಾಮುಖಿಗಳಲ್ಲಿ 355 ಗೆಲುವು, 21 ಸೋಲು, 5 ಸಮ. ಪಟ್ಟುಗಳ ಚಮತ್ಕಾರಕ್ಕಿಂತ ಎದುರಾಳಿಯ ಉಸಿರು ಕಟ್ಟಿಸುವ ದಮ್ಮಿಗೆ ಅವರ ಪೈಲ್ವಾನರು ಹೆಸರಾದರು. ಅವರ ಶಿಷ್ಯರೇ ಮುಂದೆ ಅಖಾಡ ನಡೆಸಿದರು: ಜಿಮ್ ಜಲೆಸ್ಕಿ 1998ರಿಂದ ಸತತ ಮೂರು ಪ್ರಶಸ್ತಿ ತಂದರು, 1996ರ ಅಟ್ಲಾಂಟಾ ಒಲಿಂಪಿಕ್ಸ್ ಚಿನ್ನ ಗೆದ್ದ ಟಾಮ್ ಬ್ರ್ಯಾಂಡ್ಸ್ 2006ರಲ್ಲಿ ಬಂದು 2008, 2009, 2010 ಮತ್ತು 2021ರಲ್ಲಿ ಗೆಲ್ಲಿಸಿದರು. ಆದರೂ 2011ರಿಂದೀಚೆಗೆ ಮೇಲುಗೈ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ್ದು. ಪರಂಪರೆಯೊಂದೇ ಸಾಲದು ಎಂಬುದಕ್ಕೆ ಅಯೋವಾವೇ ಸಾಕ್ಷಿ.

ಹಣದ ಲೆಕ್ಕ ವಿಚಿತ್ರ. ಅಖಾಡಕ್ಕಿಳಿಯುವ ತೂಕದ ವಿಭಾಗಗಳು ಹತ್ತು. ಬಹುಕಾಲ ಕಾಲೇಜು ಕ್ರೀಡೆಗಳ ನಿಯಮ ಕೊಡುತ್ತಿದ್ದ ವಿದ್ಯಾರ್ಥಿವೇತನ ಮಾತ್ರ 9.9! ಅದನ್ನೇ ಸುಮಾರು ಮೂವತ್ತು ಹುಡುಗರಿಗೆ ತುಂಡುತುಂಡಾಗಿ ಹಂಚಬೇಕಿತ್ತು. ಕಾಲೇಜು ಕ್ರೀಡಾಪಟುಗಳಿಗೆ ಹಣ ಕೊಡುವ ಕುರಿತ ಮೊಕದ್ದಮೆಯಲ್ಲಿ 2025ರಲ್ಲಿ ಆದ ಒಪ್ಪಂದದ ನಂತರ ಈ ಮಿತಿ ಹೋಗಿ, ತಂಡದಲ್ಲಿ ಗರಿಷ್ಠ 30 ಮಂದಿ ಎಂಬ ಮಿತಿ ಬಂತು. ದೊಡ್ಡ ಫುಟ್‌ಬಾಲ್ ತಂಡವಿರುವ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಕುಸ್ತಿ ಬಹುಮಟ್ಟಿಗೆ ಫುಟ್‌ಬಾಲ್ ದುಡ್ಡಿನ ಆಸರೆಯಲ್ಲೇ ಬದುಕುತ್ತದೆ. ಅಯೋವಾಕ್ಕೆ ಜೊತೆಗೆ ಜನರ ಬಲವೂ ಇದೆ. 2015ರ ನವೆಂಬರ್‌ನಲ್ಲಿ ಫುಟ್‌ಬಾಲ್ ಮೈದಾನದಲ್ಲೇ ನಡೆದ ಓಕ್ಲಹಾಮಾ ಸ್ಟೇಟ್ ವಿರುದ್ಧದ ಕುಸ್ತಿಗೆ ಸೇರಿದವರು 42,287 ಮಂದಿ.

ಓದಿನ ನಿಯಮ ಎಲ್ಲ ಕ್ರೀಡೆಗಳಿಗೂ ಒಂದೇ. ಎರಡನೇ ವರ್ಷ ಮುಗಿಯುವಷ್ಟರಲ್ಲಿ ಪದವಿಯ ಶೇ 40, ಮೂರಕ್ಕೆ ಶೇ 60, ನಾಲ್ಕಕ್ಕೆ ಶೇ 80ರಷ್ಟು ಪಾಠ ಮುಗಿಸದವರು ಅಖಾಡಕ್ಕಿಳಿಯುವಂತಿಲ್ಲ. ಈ ನಿಯಮದ ನಡುವೆಯೇ ಮೂರು ಬಾರಿ ರಾಷ್ಟ್ರೀಯ ಚಾಂಪಿಯನ್ ಆಗಿ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 57 ಕೆ.ಜಿ. ವಿಭಾಗದಲ್ಲಿ ಬೆಳ್ಳಿ ಗೆದ್ದ ಸ್ಪೆನ್ಸರ್ ಲೀ ಇದೇ ತಂಡದವರು.

2020ರಲ್ಲಿ ವಿಶ್ವವಿದ್ಯಾಲಯ ಖರ್ಚಿನ ನೆಪ ಹೇಳಿ ಈಜು ಸೇರಿದಂತೆ ಕೆಲವು ಕ್ರೀಡೆಗಳನ್ನು ಕೈಬಿಟ್ಟಾಗ ಈಜುಗಾರ್ತಿಯರು ಲಿಂಗ ಸಮಾನತೆಯ ಕಾನೂನು ಹಿಡಿದು ನ್ಯಾಯಾಲಯಕ್ಕೆ ಹೋದರು. ಮಹಿಳಾ ಈಜು ಉಳಿಯಿತು. ಅದೇ ಹಿನ್ನೆಲೆಯಲ್ಲಿ ಮರುವರ್ಷ ಮಹಿಳಾ ಕುಸ್ತಿ ತಂಡವೂ ಘೋಷಣೆಯಾಯಿತು. ಕ್ಲಾರಿಸ್ಸಾ ಚುನ್ ತರಬೇತಿಯ ಆ ತಂಡ ಮೊದಲ ಪೂರ್ಣ ಋತುವಿನಲ್ಲೇ, 2024ರಲ್ಲಿ, ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು.