ಡ್ರಾಕುಲಾನ ಜಾಡು, ರಾಯಚೂರಿನ ವಜ್ರ

“ದೆವ್ವದ ಪುಸ್ತಕ ಅಂತ ಕೊಟ್ರಿ ಸರ. ಇದರಾಗ ದೆವ್ವಕ್ಕಿಂತ ಲೈಬ್ರರಿನೇ ಜಾಸ್ತಿ ಅದಾವಲ್ರಿ!”

ಮಾನ್ವಿಯ ನಿವೃತ್ತ ಮಾಸ್ತರರೊಬ್ಬರು ಎಲಿಜಬೆತ್ ಕೊಸ್ಟೋವಾ ಅವರ ‘ದಿ ಹಿಸ್ಟೋರಿಯನ್’ ಕಾದಂಬರಿಯನ್ನು ನನ್ನ ಕೈಗೆ ವಾಪಸ್ ಇಡುತ್ತ ಹೇಳಿದ ಮಾತಿದು. ಅದೇ ಪುಸ್ತಕವನ್ನು ದೇವದುರ್ಗದಲ್ಲಿ ಹತ್ತಿ ವ್ಯಾಪಾರ ಮಾಡುವ ಗೆಳೆಯರು ನಿದ್ದೆಗೆಟ್ಟು ಓದಿದ್ದರು. ರಾಯಚೂರಿನ ಕಾಲೇಜಿನಲ್ಲಿ ಪಾಠ ಮಾಡುವ ಅಕ್ಕ ಒಬ್ಬರು ಮುಕ್ಕಾಲು ಪಾಲು ಮೆಚ್ಚಿ, ಕೊನೆಗೆ ಬಂದು ಸಿಟ್ಟಾಗಿದ್ದರು. ನಮ್ಮ ಸಣ್ಣ ಓದುಗರ ಬಳಗ ಹೀಗೆ ಒಡೆದದ್ದರಲ್ಲಿ ಹೊಸತೇನಿಲ್ಲ. 2005ರ ಜೂನ್‌ನಲ್ಲಿ ಕಾದಂಬರಿ ಹೊರಬಂದಾಗ ಅಮೆರಿಕದಲ್ಲೂ ಆದದ್ದು ಇದೇ. ಲೇಖಕಿ ಅದಕ್ಕೆ ಹತ್ತು ವರ್ಷ ದುಡಿದಿದ್ದರು. ಪ್ರಕಾಶಕರು 20 ಲಕ್ಷ ಡಾಲರ್ ಕೊಟ್ಟು ಹಸ್ತಪ್ರತಿ ಕೊಂಡಿದ್ದರು. ಲೇಖಕರೊಬ್ಬರ ಚೊಚ್ಚಲ ಕಾದಂಬರಿ ಮೊದಲ ವಾರವೇ ನ್ಯೂಯಾರ್ಕ್ ಟೈಮ್ಸ್ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿದ್ದು ಅದೇ ಮೊದಲು. ಆದರೂ ಒಂದು ಪಾಳಯ ಅದನ್ನು ಇತಿಹಾಸದ ಘಮವಿರುವ ಕಥೆ ಎಂದು ತಲೆಯ ಮೇಲೆ ಹೊತ್ತರೆ, ಇನ್ನೊಂದು ಪಾಳಯ ನೂರಾರು ಪುಟ ಕಾಗದಪತ್ರ ಓದಿಸಿ ಸುಸ್ತು ಮಾಡಿದರು ಎಂದಿತು.

ಕಥೆ ಇಷ್ಟು. ವಿದ್ವಾಂಸನೊಬ್ಬನಿಗೆ ಒಂದು ಹಳೆಯ ಪುಸ್ತಕ ಸಿಗುತ್ತದೆ. ಹಾಳೆಗಳೆಲ್ಲ ಖಾಲಿ, ನಡುವೆ ಮಾತ್ರ ಒಂದು ಡ್ರ್ಯಾಗನ್‌ನ ಅಚ್ಚು. ಆ ಜಾಡು ಹಿಡಿದು 1930ರಲ್ಲಿ ಗುರು, 1950ರ ದಶಕದಲ್ಲಿ ಶಿಷ್ಯ, 1972ರಲ್ಲಿ ಶಿಷ್ಯನ ಮಗಳು ಹೊರಡುತ್ತಾರೆ. ಇಸ್ತಾಂಬುಲ್, ಬುಡಾಪೆಸ್ಟ್, ಬಲ್ಗೇರಿಯಾದ ಮಠಗಳು, ಎಲ್ಲೆಲ್ಲೂ ದಾಖಲೆ ತಡಕುತ್ತಾರೆ. 15ನೇ ಶತಮಾನದ ವಲ್ಲಾಚಿಯಾದ ದೊರೆ ಮೂರನೇ ವ್ಲಾಡ್, ಅಂದರೆ ಡ್ರಾಕುಲಾ, ಇನ್ನೂ ಬದುಕಿದ್ದಾನೆಂಬುದು ಅವರ ಶಂಕೆ. ಕೊನೆಗೆ ಆತ ಸಿಗುತ್ತಾನೆ. ಆತನಿಗೆ ಬೇಕಿರುವುದು ತನ್ನ ಗ್ರಂಥಭಂಡಾರಕ್ಕೆ ಸೂಚಿ ಮಾಡಿಕೊಡುವ ಒಬ್ಬ ಪಂಡಿತ! ಅಕ್ಕ ಸಿಟ್ಟಾದದ್ದು ಇಲ್ಲಿಯೇ. ಐದು ಶತಮಾನ ಜನರನ್ನು ನಡುಗಿಸಿದವನಿಗೆ ಇಷ್ಟೇ ಸಣ್ಣ ಆಸೆಯೇ ಎಂಬುದು ಅವರ ಪ್ರಶ್ನೆ. ಬೇರೆ ಬೇರೆ ಕಾಲದವರು ಬರೆದ ಪತ್ರಗಳೆಲ್ಲ ಒಂದೇ ದನಿಯಲ್ಲಿ ಕೇಳಿಸುತ್ತವೆ ಎಂಬ ಮಾಸ್ತರರ ದೂರನ್ನೂ ನಾನು ಒಪ್ಪುತ್ತೇನೆ. ಗಳಗನಾಥ, ತ.ರಾ.ಸು. ಅವರನ್ನು ಓದಿ ಬೆಳೆದ ನಮ್ಮ ಕಡೆಯವರಿಗೆ ಐತಿಹಾಸಿಕ ಕಾದಂಬರಿ ಎಂದರೆ ಕೋಟೆ, ಕುದುರೆ, ದರ್ಬಾರು. ಇಲ್ಲಿ ಕಥೆಯೇ ವಾಚನಾಲಯದ ಮೇಜಿನ ಮುಂದೆ ಕೂತಿದೆ.

ದೇವದುರ್ಗದ ಗೆಳೆಯರು ಮಾತ್ರ ಬೇರೆಯದನ್ನೇ ಕೇಳಿದರು. “ಅಣ್ಣಾವ್ರ, ಇದರಾಗಿನ ಕಾಗದದಾಗ ಖರೇವು ಎಷ್ಟು, ಕಟ್ಟಿದ್ದು ಎಷ್ಟು?” ನನ್ನನ್ನು ದಾಖಲೆಗಳ ಕಡೆ ಎಳೆದದ್ದು ಈ ಪ್ರಶ್ನೆ.

ಮೊದಲು ವ್ಲಾಡ್‌ನಿಂದ ಹೊರಟೆ. ಆತ ಇದ್ದದ್ದು ನಿಜ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಗೆದ್ದ ಆಟೊಮನ್ ಸುಲ್ತಾನ ಎರಡನೇ ಮೆಹ್ಮದನ ಪಾಳಯದ ಮೇಲೆ 1462ರ ಜೂನ್‌ನಲ್ಲಿ ರಾತ್ರಿ ದಾಳಿ ಮಾಡಿದ್ದೂ ನಿಜ, ಶತ್ರುಗಳನ್ನು ಶೂಲಕ್ಕೇರಿಸುತ್ತಿದ್ದುದೂ ನಿಜ. 1476ರ ಕೊನೆಗೋ 1477ರ ಮೊದಲಿಗೋ ಆತ ಸತ್ತ. ರಕ್ತ ಹೀರುವ ಪಿಶಾಚಿಯಾಗಿ ಆತ ಎದ್ದದ್ದು 1897ರಲ್ಲಿ, ಬ್ರಾಮ್ ಸ್ಟೋಕರ್‌ನ ಕಾದಂಬರಿಯಲ್ಲಿ. ಆತನ ಸಮಾಧಿ ಎಂದು ಹೇಳುತ್ತ ಬಂದಿದ್ದ ಸ್ನಾಗೊವ್ ಮಠದ ಕಲ್ಲಿನಡಿ 1930ರ ದಶಕದಲ್ಲಿ ಅಗೆದಾಗ ಸಿಕ್ಕಿದ್ದು ಪ್ರಾಣಿಗಳ ಎಲುಬು. ಕೊಸ್ಟೋವಾ ಈ ಸಂದಿಯನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ.

ಡ್ರಾಕುಲಾನ ವಿಷಯದಲ್ಲಿ ಓದುಗರು ಎರಡಾದದ್ದು 2005ರಲ್ಲಿ ಅಲ್ಲ, 15ನೇ ಶತಮಾನದಲ್ಲೇ. 1488ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾದ ಜರ್ಮನ್ ಕಿರುಹೊತ್ತಿಗೆ ಆತನನ್ನು ಬರೀ ಕ್ರೂರಿಯನ್ನಾಗಿ ತೋರಿಸುತ್ತದೆ. ಅದೇ ಕಾಲದ ರಷ್ಯನ್ ಕಥನ ಹಾಗಲ್ಲ. ಅಲ್ಲಿ ಆತ ಕ್ರೂರಿ ಹೌದು, ಆದರೆ ಆತನ ರಾಜ್ಯದ ಒಂದು ಒರತೆಯ ಬಳಿ ನೀರು ಕುಡಿಯಲೆಂದು ಇಟ್ಟ ಬಂಗಾರದ ಬಟ್ಟಲನ್ನು ಕದಿಯುವ ಧೈರ್ಯ ಯಾರಿಗೂ ಇಲ್ಲ. ಈ ಕಥನವನ್ನು ಕಿರಿಲೊ-ಬೆಲೊಜೆರ್ಸ್ಕಿ ಮಠದ ಸನ್ಯಾಸಿ ಎಫ್ರೋಸಿನ್ 1486ರಲ್ಲಿ ಒಮ್ಮೆ, 1490ರಲ್ಲಿ ಮತ್ತೊಮ್ಮೆ ನಕಲು ಮಾಡಿದ್ದಾನೆ. ಬರೆದವನು ಫ್ಯೋದರ್ ಕುರಿತ್ಸಿನ್ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಮಾಸ್ಕೋದ ಮಹಾರಾಜ ಮೂರನೇ ಇವಾನನ ‘ದ್ಯಾಕ್’ ಆತ. ನಮ್ಮ ಲೆಕ್ಕದಲ್ಲಿ ಆಸ್ಥಾನದ ಕಾರ್ಯದರ್ಶಿ. 1482ರಿಂದ 1485ರವರೆಗೆ ಹಂಗೇರಿ, ಮೊಲ್ಡಾವಿಯಾಗಳಿಗೆ ರಾಯಭಾರಿಯಾಗಿ ಹೋಗಿದ್ದಾಗ ಈ ಕಥೆಗಳು ಅವನ ಕಿವಿಗೆ ಬಿದ್ದಿರಬೇಕು.

ಇವಾನನ ದ್ಯಾಕ್ ಎಂದು ಓದಿದಾಗ ಕೈ ತಡೆಯಿತು. ಆ ಪದವಿಯ ಇನ್ನೊಬ್ಬನ ಹೆಸರನ್ನು ನಾನು ಮೊದಲೇ ಬಲ್ಲೆ: ವಸೀಲಿ ಮಮಿರೆವ್. ಬೀದರ-ರಾಯಚೂರು ಸೀಮೆಯ ಇತಿಹಾಸ ಓದುವವರು ಅವನನ್ನು ದಾಟದೆ ಹೋಗುವಂತಿಲ್ಲ. ತ್ವೆರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ಬಹಮನಿ ರಾಜ್ಯದಲ್ಲಿ ತಿರುಗಾಡಿ, ಊರಿಗೆ ಮರಳುವ ದಾರಿಯಲ್ಲಿ ಸ್ಮೊಲೆನ್ಸ್ಕ್ ತಲುಪುವ ಮುನ್ನವೇ ಸತ್ತ. ಅವನ ಕೈಬರಹದ ಹಾಳೆಗಳನ್ನು ವರ್ತಕರು ತಂದು ಒಪ್ಪಿಸಿದ್ದು ಈ ಮಮಿರೆವ್‌ನಿಗೆ, 1475ರ ಸುಮಾರಿಗೆ. ಆ ಹಾಳೆಗಳಲ್ಲಿ ರಾಯಚೂರಿನ ಹೆಸರಿದೆ.

ನಿಕಿತಿನ್‌ನ ಬರಹವನ್ನು ಮತ್ತೆ ತೆರೆದೆ. 19ನೇ ಶತಮಾನದಲ್ಲಿ ಇತಿಹಾಸಕಾರ ಕರಮ್‌ಜಿನ್ ಮಠವೊಂದರ ಭಂಡಾರದಿಂದ ಹೊರತೆಗೆದು ಲೋಕಕ್ಕೆ ತಿಳಿಸಿದ ಬರಹ ಅದು. 1857ರಲ್ಲಿ ಲಂಡನ್ನಿನ ಹಾಕ್ಲೂಯ್ಟ್ ಸೊಸೈಟಿ ಅದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿತು. ನೂರು ವರ್ಷದ ಮೇಲೆ, 1957ರಲ್ಲಿ, ಕೆ.ಎ. ಅಬ್ಬಾಸ್ ಅದೇ ಪ್ರವಾಸವನ್ನು ‘ಪರದೇಸಿ’ ಸಿನಿಮಾ ಮಾಡಿದರು. ರಾಯಚೂರಿನಲ್ಲಿ ವಜ್ರ ಹುಟ್ಟುತ್ತದೆ ಎಂದು ಬರೆದು, ವಜ್ರದ ಬಗೆಗಳನ್ನೂ ಬೆಲೆಯನ್ನೂ ವ್ಯಾಪಾರಿಯ ಕಣ್ಣಿನಿಂದ ಹೇಳುತ್ತಾನೆ ನಿಕಿತಿನ್. ಅಷ್ಟೇ. ತಾನೇ ಇಲ್ಲಿಗೆ ಬಂದು ನೋಡಿದೆನೆಂದು ಆ ಸಾಲು ಹೇಳುವುದಿಲ್ಲ. ಬೀದರದ ಪೇಟೆಯಲ್ಲಿ ಕೇಳಿ ಬರೆದಿದ್ದರೂ ಬರೆದಿರಬಹುದು. ಕೃಷ್ಣೆ-ತುಂಗಭದ್ರೆಯರ ನಡುವಿನ ಈ ದೋಆಬ್‌ಗಾಗಿ ವಿಜಯನಗರದವರೂ ಬಹಮನಿಗಳೂ ತಲೆಮಾರುಗಟ್ಟಲೆ ಹೊಡೆದಾಡಿದ ಕಾಲದಲ್ಲಿ, ದೂರದ ರಷ್ಯನ್ನನೊಬ್ಬ ನಮ್ಮೂರನ್ನು ಯುದ್ಧಕ್ಕಾಗಿ ಅಲ್ಲ, ಕಲ್ಲಿಗಾಗಿ ನೆನಪಿಟ್ಟುಕೊಂಡ ಎಂಬುದು ನನಗೆ ದೊಡ್ಡ ಸಂಗತಿ.

ದೆವ್ವದ ಪುಸ್ತಕದಿಂದ ಹೊರಟವನಿಗೆ ಅದೇ ಬರಹದಲ್ಲಿ ದೆವ್ವದಂಥದ್ದೂ ಸಿಕ್ಕಿತು. ಆಳಂದದ ಪ್ರಸ್ತಾಪ ಅದು. ಅಲ್ಲಿನ ಶೇಖ್ ಅಲಾವುದ್ದೀನರ ಸ್ಮರಣೆಗೆ ವರ್ಷಕ್ಕೊಮ್ಮೆ ಜಾತ್ರೆ ಸೇರುತ್ತದೆ, 20,000ದವರೆಗೆ ಕುದುರೆ ಮಾರಾಟಕ್ಕೆ ಬರುತ್ತವೆ ಎನ್ನುತ್ತಾನೆ. ನಮ್ಮ ಕಡೆಯವರು ಇಂದಿಗೂ ಉರುಸಿಗೆ ಹೋಗುವ ಲಾಡ್ಲೆ ಮಶಾಕ್ ದರ್ಗಾ ಅದು. ಜಾತ್ರೆಯ ವಿವರದ ಬೆನ್ನಿಗೇ ಒಂದು ಹಕ್ಕಿ ಬರುತ್ತದೆ. ಹೆಸರು ‘ಗುಕುಕ್’. ರಾತ್ರಿ ಹಾರುತ್ತದೆ, ‘ಕುಕ್ ಕುಕ್’ ಎಂದು ಕೂಗುತ್ತದೆ. ಯಾವ ಮನೆಯ ಮೇಲೆ ಕೂರುತ್ತದೋ ಆ ಮನೆಯಲ್ಲಿ ಸಾವು. ಕೊಲ್ಲಹೋದರೆ ಬಾಯಿಂದ ಬೆಂಕಿ ಕಾರುತ್ತದೆ. ರಾತ್ರಿ ಹೊತ್ತು ಕೋಳಿ ಹಿಡಿಯುವ, ಗುಡ್ಡದ ಕಲ್ಲುಗಳ ನಡುವೆ ವಾಸಿಸುವ ‘ಮಾಮೊನ್’ ಎಂಬ ಜೀವಿಯ ಮಾತೂ ಇದೆ.

ಈ ಭಾಗವನ್ನು ದೇವದುರ್ಗದ ಗೆಳೆಯರ ಮನೆಯಲ್ಲಿ ಓದಿ ಹೇಳಿದೆ. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದ ಅವರ ತಾಯಿ ಮೊರ ನಿಲ್ಲಿಸಿ, “ಅದು ಗೂಗಿ ಅಲ್ಲೇನಪ! ನಮ್ಮ ಅತ್ತಿ ಕಾಲಕ್ಕ ಗೂಗಿ ಕುಂತ ಮನಿ ಬಿಟ್ಟು, ಶಾಂತಿ ಮಾಡಿಸಿ ಒಳಗ ಬರ್ತಿದ್ರು” ಎಂದರು. ಬಾಯಿಂದ ಬೆಂಕಿ ಬರುವುದನ್ನು ಮಾತ್ರ ಅವರು ಕೇಳಿರಲಿಲ್ಲ. “ಅದು ಯಾರೋ ಅವನಿಗೆ ಹೆಚ್ಚಿಗಿ ಹೇಳ್ಯಾರ” ಎಂದು ಮತ್ತೆ ಮೊರ ಹಿಡಿದರು. 550 ವರ್ಷದ ಹಿಂದಿನ ದಾಖಲೆಯೊಂದನ್ನು ಇಷ್ಟು ಅಚ್ಚುಕಟ್ಟಾಗಿ ಸೋಸಿದ್ದನ್ನು ನಾನು ಗೋಷ್ಠಿಗಳಲ್ಲೂ ಕಂಡದ್ದು ಕಡಿಮೆ.

ಇನ್ನೊಂದು ಎಳೆ ಸುಲ್ತಾನ ಮೆಹ್ಮದನದು. ಕಾದಂಬರಿಯಲ್ಲಿ ಆತ ಡ್ರಾಕುಲಾನ ಪರಮವೈರಿ. ಆ ಎಳೆಯೂ ಬೀದರಕ್ಕೇ ಬಂದು ಸೇರುತ್ತದೆ. ನಿಕಿತಿನ್ ಬೀದರದಲ್ಲಿದ್ದಾಗ ರಾಜ್ಯದ ಆಡಳಿತವನ್ನು ಕೈಯಲ್ಲಿ ಹಿಡಿದಿದ್ದವನು ಮಹಮೂದ್ ಗಾವಾನ್. ಆತನ ಬಿರುದು ಮಲಿಕ್-ಉತ್-ತುಜ್ಜಾರ್. ನಿಕಿತಿನ್ ಬರೆಯುವುದು ‘ಮೆಲಿಕ್ ತುಚಾರ್’ ಎಂದೇ. ಅವನ ಲಾಯದಲ್ಲಿ 2,000 ಕುದುರೆ, ಅವುಗಳಲ್ಲಿ ಸಾವಿರ ಹಗಲೂ ರಾತ್ರಿ ಜೀನು ಹಾಕಿಕೊಂಡೇ ನಿಂತಿರುತ್ತವೆ ಎಂಬ ವಿವರವೂ ಇದೆ. ಗಾವಾನನ ಪಾರಸಿ ಪತ್ರಗಳ ಸಂಗ್ರಹ ‘ರಿಯಾಜ್-ಉಲ್-ಇನ್ಶಾ’. 1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದುದರಿಂದ ಇಂಥ ಪುಸ್ತಕ ಹುಡುಕುವ ನಮ್ಮವರು ಇಂದಿಗೂ ಆ ಕಡೆಯ ರೈಲೇ ಹತ್ತಬೇಕು. ಈ ಸಂಗ್ರಹ ಅಚ್ಚಾದದ್ದೂ ಹೈದರಾಬಾದಿನಲ್ಲಿಯೇ, 1948ರಲ್ಲಿ. ಅದರಲ್ಲಿ ರೂಮಿನ ಸುಲ್ತಾನನಿಗೆ, ಎಂದರೆ ಇದೇ ಮೆಹ್ಮದನಿಗೆ, ಗಾವಾನ್ ಬರೆದ ಪತ್ರಗಳಿವೆ. ಪಾರಸಿ ಬಲ್ಲ ರಾಯಚೂರಿನ ಹಿರಿಯರೊಬ್ಬರು ಪಕ್ಕದಲ್ಲಿ ಕೂತು ಮೊದಲ ಸಾಲುಗಳನ್ನು ಬಿಡಿಸಿದರು. ಅಲಂಕಾರದ ಮೇಲೆ ಅಲಂಕಾರ. ಕ್ರಿಯಾಪದ ಸಿಗುವ ಹೊತ್ತಿಗೆ ಚಹಾ ಆರಿತ್ತು. ಆದರೆ ವಿಳಾಸದಾರನ ವಿಷಯದಲ್ಲಿ ಅನುಮಾನವಿಲ್ಲ. ವ್ಲಾಡ್‌ನ ಮೇಲೆ ದಂಡೆತ್ತಿ ಹೋದ ದೊರೆಗೂ ರಾಯಚೂರನ್ನು ಆಳುತ್ತಿದ್ದ ಬಹಮನಿಗಳ ವಜೀರನಿಗೂ ಪತ್ರವ್ಯವಹಾರವಿತ್ತು.

ಗಾವಾನನ ಸಾವಿಗೂ ಒಂದು ಕಾಗದವೇ ಕಾರಣ. ಇತಿಹಾಸಕಾರ ಫಿರಿಶ್ತಾ ಹೇಳುವಂತೆ, ವಿರೋಧಿಗಳು ಅವನ ಮುದ್ರೆ ಕಾಯುವವನಿಗೆ ಲಂಚ ಕೊಟ್ಟು, ಖಾಲಿ ಹಾಳೆಯ ಮೇಲೆ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಅದರ ಮೇಲೆ ಒರಿಸ್ಸಾದ ರಾಜನನ್ನು ದಂಡಯಾತ್ರೆಗೆ ಕರೆಯುವ ಪತ್ರ ಬರೆದು, ಕುಡಿದಿದ್ದ ಸುಲ್ತಾನ ಮೂರನೇ ಮುಹಮ್ಮದ್ ಷಾನ ಮುಂದೆ ಹಿಡಿದರು. 1481ರ ಏಪ್ರಿಲ್ 5ರಂದು ಗಾವಾನನ ತಲೆ ಉರುಳಿತು. ಮರುತಿಂಗಳು 3ರಂದು ಮೆಹ್ಮದನೂ ತೀರಿಕೊಂಡ.

ಕೊಸ್ಟೋವಾ ಅವರ ಕಾದಂಬರಿಯ ಬಗ್ಗೆ ನನಗಿದ್ದ ಅತೃಪ್ತಿ ಏನೆಂದು ನನಗೆ ಸ್ಪಷ್ಟವಾದದ್ದು ಆ ಖಾಲಿ ಹಾಳೆಯ ಕಥೆ ಓದಿದಾಗ. ಅವರ ಪುಸ್ತಕದಲ್ಲೂ ಖಾಲಿ ಹಾಳೆಗಳಿವೆ, ಭಯ ಹುಟ್ಟಿಸುತ್ತವೆ ಕೂಡ. ಆದರೆ ಅಲ್ಲಿ ಪ್ರತಿ ಕಾಗದವೂ ಮುಂದಿನ ಕಾಗದದ ವಿಳಾಸ ಹೇಳುತ್ತದೆ. ಹುಡುಕುವವರಿಗೆ ಬೇಕಾದದ್ದು ಬೇಕಾದ ಹೊತ್ತಿಗೆ ಒದಗುತ್ತದೆ. ನಿಜವಾದ ದಾಖಲೆ ಹೀಗೆ ವಿಧೇಯವಾಗಿರುವುದಿಲ್ಲ. ಅದು ಅರ್ಧ ಸಾಲು ಹೇಳಿ ಸುಮ್ಮನಾಗುತ್ತದೆ, ಕೇಳಿದ್ದನ್ನು ಕಂಡಂತೆ ಬರೆಯುತ್ತದೆ, ಒಮ್ಮೊಮ್ಮೆ ಒಬ್ಬ ಮನುಷ್ಯನನ್ನೇ ಕೊಲ್ಲುತ್ತದೆ. ಆದರೂ ಈ ಕಾದಂಬರಿಯ ಪರ ನಿಲ್ಲುತ್ತೇನೆ. ಹಳೆಯ ಹಾಳೆಯೊಂದು ಯಾರ ಕೈಯಿಂದ ಯಾರ ಕೈಗೆ ಬಂತು ಎಂದು ಕೇಳುವ ಚಟವನ್ನು ಅದು ಓದುಗನಿಗೆ ಹಿಡಿಸುತ್ತದೆ. ಹತ್ತಿ ವ್ಯಾಪಾರಿಯೊಬ್ಬರು ‘ಖರೇವು ಎಷ್ಟು’ ಎಂದು ಕೇಳಿದ್ದು ಸಾಮಾನ್ಯ ಸಾಧನೆ ಅಲ್ಲ.

ನಾನು ಕಂಡದ್ದನ್ನೆಲ್ಲ ಬಳಗದ ಮುಂದೆ ಇಟ್ಟಾಗ ಅಭಿಪ್ರಾಯ ಮತ್ತೆ ಒಡೆಯಿತು. ಡ್ರಾಕುಲಾನ ಕಥೆ ಬರೆದವನೂ ರಾಯಚೂರಿನ ವಜ್ರದ ಸುದ್ದಿ ಇಸಿದುಕೊಂಡವನೂ ಒಬ್ಬನೇ ದೊರೆಯ ಕೈಕೆಳಗಿನವರು ಎಂದರೆ ದೇವದುರ್ಗದ ಗೆಳೆಯರಿಗೆ ರೋಮಾಂಚನ. ಕುರಿತ್ಸಿನ್ ನಮ್ಮೂರಿನ ಹೆಸರು ಓದಿಯೇ ಇರುತ್ತಾನೆ ಎನ್ನುತ್ತಾರೆ. ಮಾನ್ವಿಯ ಮಾಸ್ತರರು ತಲೆ ಅಲ್ಲಾಡಿಸುತ್ತಾರೆ. ಕುರಿತ್ಸಿನ್, ಮಮಿರೆವ್ ಇಬ್ಬರೂ ಒಂದೇ ಆಸ್ಥಾನದ ದ್ಯಾಕ್‌ಗಳಾಗಿದ್ದರು, ಎರಡೂ ಬರಹ ಸುಮಾರು ಹತ್ತು ವರ್ಷದ ಅಂತರದಲ್ಲಿ ಅಲ್ಲಿಗೆ ಸೇರಿದವು ಎನ್ನುವವರೆಗೆ ದಾಖಲೆ ನನ್ನ ಜೊತೆಗಿದೆ. ಒಬ್ಬನ ಕಾಗದವನ್ನು ಇನ್ನೊಬ್ಬ ಓದಿದ ಎನ್ನಲು ಇಲ್ಲ, ಹಾಗಾಗಿ ಮಾಸ್ತರರ ಕಡೆಗೇ ನನ್ನ ಮತ. ಅಕ್ಕ ಕಾದಂಬರಿಯ ಕೊನೆಯನ್ನು ಇನ್ನೂ ಕ್ಷಮಿಸಿಲ್ಲ. ಮಾಸ್ತರರು ‘ದಿ ಹಿಸ್ಟೋರಿಯನ್’ ಅನ್ನು ಮತ್ತೆ ಕೈಗೆತ್ತಿಕೊಂಡಿಲ್ಲವಾದರೂ ಹಾಕ್ಲೂಯ್ಟ್ ಸಂಪುಟದ ಪ್ರತಿಯನ್ನು ಕೇಳಿ ಒಯ್ದಿದ್ದಾರೆ. ರಾಯಚೂರಿನ ಸಾಲನ್ನೂ ಆಳಂದದ ಪುಟವನ್ನೂ ಕನ್ನಡಕ್ಕೆ ತರುತ್ತಿದ್ದಾರೆ. ಮೆಹ್ಮದನಿಗೆ ಹೋದ ಪತ್ರಗಳನ್ನು ಪಾರಸಿಯ ಹಿರಿಯರ ಜೊತೆ ಕೂತು ಕೊನೆಯ ಸಾಲಿನವರೆಗೆ ಓದುವ ಕೆಲಸ ನನ್ನ ಪಾಲಿಗಿದೆ.