ಕೊಂಡ ಜೀಪು, ಕಟ್ಟಿದ ಜೀಪು

ಮಲೆನಾಡಿನ ಮಾತಿನಲ್ಲಿ ‘ಕಟ್ಟಿಸುವುದು’ ಎಂಬ ಕ್ರಿಯಾಪದಕ್ಕೆ ಸಲ್ಲುವ ಗೌರವ ‘ಕೊಳ್ಳುವುದು’ ಎಂಬುದಕ್ಕೆ ಸಂದದ್ದಿಲ್ಲ. ಮನೆಯನ್ನು ಕಟ್ಟಿಸುತ್ತಾರೆ, ಕೆರೆಯನ್ನು ಕಟ್ಟಿಸುತ್ತಾರೆ, ಗುಡಿಯನ್ನು ಕಟ್ಟಿಸುತ್ತಾರೆ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಸಕಲೇಶಪುರ, ಮೂಡಿಗೆರೆ, ಕೊಪ್ಪ, ಮಡಿಕೇರಿಗಳ ಸುತ್ತಣ ತೋಟದ ಮನೆಗಳಲ್ಲಿ ಈ ಸಾಲಿಗೆ ಜೀಪೂ ಬಂದು ಸೇರಿತು. ಹೊಸ ಗಾಡಿಯನ್ನೇ ತರುವುದೋ, ಹಳೆಯದೊಂದನ್ನು ಹಿಡಿದು ಕಟ್ಟಿಸುವುದೋ ಎಂಬ ಪ್ರಶ್ನೆ, ಕೊಯ್ಲು ಮುಗಿದು ಕಾಫಿಯ ಲೆಕ್ಕ ಕೈಗೆ ಬರುವ ದಿನಗಳಲ್ಲಿ, ಜಗಲಿಯ ಮೇಲೆ ಕುಳಿತ ಹಿರಿಯರ ನಡುವೆ ಹೆಣ್ಣು ನೋಡುವ ಮಾತುಕತೆಯಷ್ಟೇ ಗಾಂಭೀರ್ಯದಿಂದ ಚರ್ಚೆಗೆ ಬರುತ್ತಿತ್ತು. ಇದನ್ನು ಕೇವಲ ಉಳ್ಳವರ ಮತ್ತು ಇಲ್ಲದವರ ಭೇದವೆಂದು ತಿಳಿಯುವುದು ಸರಿಯಲ್ಲ. ಈ ಪ್ರಶ್ನೆಗೆ ಜೀಪಿನಷ್ಟೇ ವಯಸ್ಸಾಗಿದೆ. ಅದರ ಮೂಲವೂ ಆ ವಾಹನದ ಜನ್ಮವೃತ್ತಾಂತದಲ್ಲಿಯೇ ಇದೆ.

1940ರ ಬೇಸಗೆಯಲ್ಲಿ, ಯೂರೋಪಿನ ಯುದ್ಧಾಗ್ನಿ ತಮ್ಮನ್ನೂ ಮುಟ್ಟದೆ ಬಿಡದೆಂದು ಮನಗಂಡ ಅಮೆರಿಕದ ಸೇನಾಧಿಕಾರಿಗಳು, ನಾಲ್ಕೂ ಗಾಲಿಗಳಿಗೆ ಎಂಜಿನಿನ ಬಲವನ್ನು ಮುಟ್ಟಿಸುವ, ಕಾಲು ಟನ್ ಭಾರವನ್ನು ಹೊರಬಲ್ಲ ಹಗುರವಾದ ವಾಹನವೊಂದು ಬೇಕೆಂದು 135 ಕಂಪೆನಿಗಳನ್ನು ಆಹ್ವಾನಿಸಿ, ಮೊದಲ ಮಾದರಿಯನ್ನು ಒಪ್ಪಿಸುವುದಕ್ಕೆ ಕೇವಲ 49 ದಿನಗಳ ಅವಧಿಯನ್ನು ವಿಧಿಸಿದರು. ಈ ಅಸಾಧ್ಯವೆನಿಸುವ ಗಡುವಿಗೆ ತಲೆಯೊಡ್ಡಿದ್ದು ಪೆನ್ಸಿಲ್ವೇನಿಯದ ಬಟ್ಲರ್ ಎಂಬ ಊರಿನ ಬ್ಯಾಂಟಮ್ ಎಂಬ ಚಿಕ್ಕ ಕಂಪೆನಿ. ಅದಕ್ಕಾಗಿ ನಕ್ಷೆ ಬರೆದ ಕಾರ್ಲ್ ಪ್ರೋಬ್ಸ್ಟ್‌ಗೆ ಪ್ರತಿಯೊಂದು ಭಾಗವನ್ನೂ ಹೊಸದಾಗಿ ಎರಕ ಹೊಯ್ಯುವಷ್ಟು ಕಾಲವಾಗಲಿ ಸಾಧನವಾಗಲಿ ಇರಲಿಲ್ಲವಾದುದರಿಂದ, ಕಾಂಟಿನೆಂಟಲ್ ಕಂಪೆನಿಯ ಎಂಜಿನ್, ವಾರ್ನರ್ ಕಂಪೆನಿಯ ಗೇರುಬಾಕ್ಸು, ಸ್ಪೈಸರ್ ಕಂಪೆನಿಯ ಆಕ್ಸಲುಗಳು, ಹೀಗೆ ಸಿದ್ಧವಾಗಿ ದೊರೆಯುತ್ತಿದ್ದುದನ್ನೂ ತುಸು ತಿದ್ದಿದರೆ ಒದಗುವಂತಿದ್ದುದನ್ನೂ ಕೂಡಿಸಿ, ಸೆಪ್ಟೆಂಬರ್ 23ರಂದು ಆ ಗಾಡಿಯನ್ನು ಮೇರಿಲೆಂಡಿನ ಹೋಲಬರ್ಡ್ ಸೇನಾ ಠಾಣ್ಯಕ್ಕೆ ಮುಟ್ಟಿಸಲಾಯಿತು. ಎಂದರೆ, ಲೋಕದ ಮೊಟ್ಟಮೊದಲ ಜೀಪೇ, ನಮ್ಮ ಗ್ಯಾರೇಜಿನ ಮೇಸ್ತ್ರಿಗಳು ಹೇಳುವ ಅರ್ಥದಲ್ಲಿ, ಕಟ್ಟಿದ ಗಾಡಿಯಾಗಿದ್ದಿತು.

ಮುಂದೆ ಬ್ಯಾಂಟಮ್‌ನ ಭಾಗ್ಯ ಮಂಕಾಯಿತು. ಸೇನೆಗೆ ಬೇಕಾದ ಸಂಖ್ಯೆಯನ್ನು ಒದಗಿಸುವ ಶಕ್ತಿ ಆ ಚಿಕ್ಕ ಕಂಪೆನಿಗೆ ಇಲ್ಲವೆಂದು ಭಾವಿಸಿದ ಅಧಿಕಾರಿಗಳು ಅದರ ನಕ್ಷೆಗಳನ್ನು ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳ ಮುಂದಿಟ್ಟರು. ಓಹಾಯೊ ಪ್ರಾಂತದ ಟೊಲೀಡೊ ನಗರದ ವಿಲ್ಲಿಸ್ ಕಂಪೆನಿಯ 60 ಅಶ್ವಶಕ್ತಿಯ ಎಂಜಿನ್ ಎಲ್ಲಕ್ಕಿಂತ ಮಿಗಿಲೆನಿಸಿದುದರಿಂದ ಅದರ ಮಾದರಿಯೇ ಗೆದ್ದಿತು. ಯುದ್ಧ ಮುಗಿಯುವ ವೇಳೆಗೆ ವಿಲ್ಲಿಸ್ ಮತ್ತು ಫೋರ್ಡ್ ಎರಡೂ ಸೇರಿ ಆರು ಲಕ್ಷಕ್ಕೂ ಮೀರಿ ಜೀಪುಗಳನ್ನು ತಯಾರಿಸಿದ್ದವು. ಫೋರ್ಡ್ ಕಂಪೆನಿ ತಾನು ಮಾಡಿದ ಭಾಗಗಳ ಮೇಲೆ, ಬೋಲ್ಟುಗಳ ತಲೆಯನ್ನೂ ಬಿಡದೆ, ತನ್ನ ಹೆಸರಿನ ಮೊದಲ ಅಕ್ಷರವನ್ನು ಒತ್ತುತ್ತಿತ್ತಾದರೂ, ಒಂದು ಕಾರ್ಖಾನೆಯ ಭಾಗ ಇನ್ನೊಂದರ ಗಾಡಿಗೆ ಹೊಂದಿಕೊಳ್ಳಲೇಬೇಕೆಂಬುದು ಸೇನೆಯ ನಿಬಂಧನೆಯಾಗಿತ್ತು. ರಣರಂಗದಲ್ಲಿ ಮೂರು ಮುರಿದ ಜೀಪುಗಳಿಂದ ಓಡುವ ಒಂದನ್ನು ಮಾಡಿಕೊಳ್ಳಬೇಕಾದ ಸೈನಿಕನಿಗಾಗಿ ರೂಪಿತವಾದ ಈ ನಿಯಮದ ಫಲವನ್ನು, ಅರ್ಧ ಭೂಮಂಡಲದಾಚೆ, ಕಾಫಿ ಗಿಡಗಳ ನಡುವೆ ಬದುಕುವ ನಮ್ಮವರು ಎರಡು ತಲೆಮಾರುಗಳ ಕಾಲ ಉಂಡರು.

ಯುದ್ಧ ಮುಗಿದಾಗ ಭಾರತದ ನೆಲದಲ್ಲಿ ಅಪಾರವಾದ ಸೇನಾಸಾಮಗ್ರಿ ಉಳಿಯಿತು. ಬರ್ಮಾ ದೇಶದ ಕಾಳಗಕ್ಕೆಂದು ಬಂದಿದ್ದ ಜೀಪುಗಳು, ಎಡಗಡೆಗೆ ಸ್ಟೀರಿಂಗ್ ಉಳ್ಳ ಆ ಮೊಂಡು ಮೂತಿಯ ಗಾಡಿಗಳು, ಹರಾಜಿನ ಮೂಲಕ ಸಾಮಾನ್ಯರ ಕೈಸೇರತೊಡಗಿದವು. ‘ಡಿಸ್ಪೋಸಲ್ ಜೀಪು’ ಎಂಬ ಮಾತು ನಮ್ಮ ನುಡಿಗೆ ಬಂದದ್ದು ಆಗಲೇ. ಇತ್ತ ಉಕ್ಕಿನ ವ್ಯಾಪಾರಕ್ಕಾಗಿ 1945ರಲ್ಲಿ ಆರಂಭವಾಗಿದ್ದ ಮಹೀಂದ್ರ ಅಂಡ್ ಮಹಮ್ಮದ್ ಎಂಬ ಸಂಸ್ಥೆ, ಪಾಲುದಾರರಾದ ಗುಲಾಮ್ ಮಹಮ್ಮದರು ದೇಶವಿಭಜನೆಯ ತರುವಾಯ ಪಾಕಿಸ್ತಾನದ ಮೊದಲ ಅರ್ಥಸಚಿವರಾಗಿ ತೆರಳಲು, 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಎಂದು ಹೆಸರು ಬದಲಿಸಿಕೊಂಡು, ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಹಡಗೇರಿ ಬರುತ್ತಿದ್ದ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸುವ ಉದ್ಯಮವನ್ನು ಬೆಳೆಸಿತು. 1953ರಲ್ಲಿ ಅಮೆರಿಕದಲ್ಲಿ ಹೊರಬಂದ, ಎತ್ತರದ ಎಂಜಿನನ್ನು ಅಡಗಿಸಿಕೊಳ್ಳುವುದಕ್ಕಾಗಿ ಬಾನೆಟ್ಟನ್ನು ಮೇಲಕ್ಕೆತ್ತಿದ ಸಿಜೆ-3ಬಿ ಎಂಬ ಮಾದರಿ ಕ್ರಮೇಣ ಇಲ್ಲಿಯೇ ತಯಾರಾಗತೊಡಗಿತು. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಣ 80 ಅಂಗುಲಗಳ ಅಂತರ ಯುದ್ಧದ ಜೀಪಿನಲ್ಲಿ ಹೇಗೋ ಇದರಲ್ಲಿಯೂ ಹಾಗೆಯೇ ಉಳಿಯಿತು. ಅಮೆರಿಕದಲ್ಲಿ ಆ ಮಾದರಿ 1968ರಲ್ಲಿ ನಿಂತುಹೋದ ಮೇಲೆಯೂ ಅದರ ಸಂತತಿ ಭಾರತದಲ್ಲಿ ದಶಕಗಳ ಕಾಲ ಮುಂದುವರಿಯಿತು. ಅಂಗಡಿಯಿಂದ ತಂದ ಹೊಸ ಜೀಪಿಗೂ ಹರಾಜಿನಲ್ಲಿ ಹಿಡಿದ ಹಳೆಯ ಜೀಪಿಗೂ ಹೀಗೆ ಒಂದೇ ವಂಶದ ಹೋಲಿಕೆ ಇದ್ದುದರಿಂದ, ಹೊಸದಕ್ಕೆಂದು ಬಂದ ಬಿಡಿಭಾಗವೇ ಎಷ್ಟೋ ವೇಳೆ ಹಳೆಯದಕ್ಕೆ ಸಂಜೀವಿನಿಯಾಗುತ್ತಿತ್ತು.

ಹಳೆಯದನ್ನು ನವೀಕರಿಸಿ ಬಳಸುವ ಮಾರ್ಗ ಎಲ್ಲ ಸಂದರ್ಭಗಳಲ್ಲಿಯೂ ಕ್ಷೇಮಕರವಲ್ಲವೆಂಬುದಕ್ಕೆ ಸ್ವತಂತ್ರ ಭಾರತದ ಇತಿಹಾಸವೇ ಸಾಕ್ಷಿ ನುಡಿಯುತ್ತದೆ. 1948ರಲ್ಲಿ, ಕಾಶ್ಮೀರದ ಕಾಳಗದ ಒತ್ತಡದ ನಡುವೆ, ಲಂಡನ್ನಿನಲ್ಲಿ ನಮ್ಮ ಹೈಕಮಿಷನರ್ ಆಗಿದ್ದ ವಿ. ಕೆ. ಕೃಷ್ಣಮೆನನ್ನರು ಸೇನೆಗಾಗಿ ನವೀಕರಿಸಿದ ಜೀಪುಗಳನ್ನು ತರಿಸಲು ಸುಮಾರು 80 ಲಕ್ಷ ರೂಪಾಯಿಗಳ ಒಪ್ಪಂದಕ್ಕೆ ಸಹಿ ಹಾಕಿದರು. ಬಂದಿಳಿದವು 155 ಮಾತ್ರ. ಅವೂ ಸೇನೆಯ ಬಳಕೆಗೆ ಅರ್ಹವಲ್ಲವೆಂಬ ಆಕ್ಷೇಪ ಎದ್ದಿತು. ಪಾರ್ಲಿಮೆಂಟಿನಲ್ಲಿ ಬಹುಕಾಲ ಚರ್ಚೆಗೆ ಗ್ರಾಸವಾದ ಈ ಪ್ರಕರಣ ಮುಕ್ತಾಯಗೊಂಡಿತೆಂದು ಗೃಹಸಚಿವ ಗೋವಿಂದ ವಲ್ಲಭ ಪಂತರು ಸಾರಿದ್ದು 1955ರಲ್ಲಿ. ರಾಜಕಾರಣದ ವಿವಾದವನ್ನು ಬದಿಗಿಟ್ಟು ನೋಡಿದರೂ ಇಲ್ಲಿ ಒಂದು ವ್ಯಾವಹಾರಿಕ ಸತ್ಯ ಎದ್ದು ಕಾಣುತ್ತದೆ: ದೂರದಲ್ಲಿ, ನಮ್ಮ ಕಣ್ಮರೆಯಲ್ಲಿ, ಯಾರೋ ಸರಿಪಡಿಸಿದ್ದೆಂದು ಹೇಳಿ ಕೊಡುವ ಗಾಡಿಗೆ ಹೊಸದರ ಭರವಸೆಯೂ ಇಲ್ಲ, ನಾವೇ ನಿಂತು ಕಟ್ಟಿಸಿದ್ದರ ಅರಿವೂ ಇಲ್ಲ. ನಮ್ಮ ತೋಟಗಾರರು ಈ ಸತ್ಯವನ್ನು ಅನುಭವದಿಂದಲೇ ಬಲ್ಲವರಾಗಿದ್ದು, ಬಣ್ಣ ಬಳಿದು ನಿಲ್ಲಿಸಿದ ಜೀಪಿಗಿಂತ ತುಕ್ಕು ಕಾಣುವ ಜೀಪನ್ನೇ ಹೆಚ್ಚು ನಂಬುತ್ತಿದ್ದರು.

ಜೀಪಿಲ್ಲದೆ ಆಗದಂತಹ ಅಗತ್ಯವಾದರೂ ಏನಿದ್ದಿತೆಂದು ಬಯಲುಸೀಮೆಯವರು ಕೇಳಬಹುದು. ಜೂನ್ ತಿಂಗಳ ಮೊದಲ ಮಳೆ ಬಿದ್ದೊಡನೆ ಕೆಸರಾಗಿ, ಸೆಪ್ಟೆಂಬರ್ ಕಳೆಯುವವರೆಗೂ ಒಣಗದ ತೋಟದ ದಾರಿಗಳು. ಹಳ್ಳವೇ ರಸ್ತೆಯಾಗಿ ಹರಿಯುವ ಇಳಿಜಾರುಗಳು. ಗೊಬ್ಬರದ ಮೂಟೆಯಿಂದ ಹಿಡಿದು ಹೆರಿಗೆಯ ನೋವುಂಡ ಹೆಣ್ಣುಮಗಳವರೆಗೆ ಎಲ್ಲವನ್ನೂ ಎಲ್ಲರನ್ನೂ ಈ ದಾರಿಯಲ್ಲಿಯೇ ಸಾಗಿಸಬೇಕಾದ ಒಂಟಿಮನೆಗಳ ಜೀವನ. ಎತ್ತಿನ ಗಾಡಿಯ ಗಾಲಿ ಅಚ್ಚಿನವರೆಗೆ ಹೂತು ನಿಲ್ಲುವಲ್ಲಿ, ಮುಂದಿನ ಗಾಲಿಗಳಿಗೂ ಬಲ ಕೊಡುವ ಒಂದು ಹಿಡಿ, ಗಾಡಿಯನ್ನು ಆನೆಯಂತೆ ನಿಧಾನವಾಗಿ ಆದರೆ ತಡೆಯಿಲ್ಲದೆ ಎಳೆಯಿಸುವ ಇನ್ನೊಂದು ಹಿಡಿ, ಇವೆರಡು ಜೀಪಿನ ಸಾಮಾನ್ಯ ಗೇರಿನ ಪಕ್ಕದಲ್ಲಿದ್ದವು. ‘ಫೋರ್ ವೀಲ್ ಹಾಕು, ಲೋ ಗೇರಿಗೆ ಬಾ’ ಎಂಬುದು ಅಕ್ಷರ ಬಾರದ ಡ್ರೈವರನ ಬಾಯಲ್ಲಿಯೂ ಸಲೀಸಾಗಿ ಬರುವ ಮಾತಾಯಿತು. ಆದರೆ ಪರ್ಮಿಟ್ಟು, ಲೈಸೆನ್ಸುಗಳ ಆ ಕಾಲದಲ್ಲಿ ಹೊಸ ವಾಹನಕ್ಕೆ ಹಣವಿದ್ದರೂ ಕಾಯಬೇಕಾಗಿತ್ತು. 1940ರ ದಶಕದಿಂದ 1990ರ ದಶಕದವರೆಗೂ ಬೆಳೆಗಾರರ ಕಾಫಿಯೆಲ್ಲವೂ ಕಾಫಿ ಮಂಡಳಿಯ ‘ಪೂಲಿ’ಗೆ ಸೇರಿ, ಬೆಲೆ ಕಂತುಕಂತಾಗಿ ಕೈಗೆ ಬರುತ್ತಿದ್ದುದರಿಂದ, ಒಮ್ಮೆಲೇ ಹಣ ಸುರಿದು ಕೊಳ್ಳುವುದಕ್ಕಿಂತ ಕಂತುಕಂತಾಗಿ ಕಟ್ಟಿಸುವುದು ಅವರ ಜೀವನಕ್ರಮಕ್ಕೆ ಸಹಜವಾಗಿ ಹೊಂದಿಕೊಂಡಿತು. ಮೊದಲ ಕಂತಿಗೆ ಚಾಸಿ, ಎರಡನೆಯದಕ್ಕೆ ಎಂಜಿನ್, ಮೂರನೆಯದಕ್ಕೆ ಟಯರು ಎಂಬಂತೆ ಒಂದು ಜೀಪು ಎರಡು ಮಳೆಗಾಲಗಳನ್ನು ಗ್ಯಾರೇಜಿನಲ್ಲಿಯೇ ಕಳೆದು ಹೊರಬರುವುದುಂಟು.

ಕಟ್ಟುವ ಕೆಲಸಕ್ಕೆ ಬರೆದಿಡದ ಒಂದು ಶಾಸ್ತ್ರವಿದ್ದಿತು. ಒಳ್ಳೆಯ ಮೇಸ್ತ್ರಿ ಮೊದಲು ಎಂಜಿನನ್ನು ನೋಡುತ್ತಿರಲಿಲ್ಲ, ಚಾಸಿಯನ್ನು ನೋಡುತ್ತಿದ್ದ. ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆದು, ಎರಡು ಅಳತೆಗಳೂ ಒಂದೇ ಬಂದರೆ ಮಾತ್ರ ಮುಂದಿನ ಮಾತು. ಸೊಟ್ಟಗಾದ ಚಾಸಿಯ ಮೇಲೆ ಎಷ್ಟು ಹಣ ಸುರಿದರೂ ಗಾಡಿ ಒಂದು ಪಕ್ಕಕ್ಕೆ ಎಳೆಯುವುದು ತಪ್ಪದೆಂದು ಅವನು ಬಲ್ಲ. ಬಳಿಕ ಆಕ್ಸಲಿನ ಹೌಸಿಂಗು, ಗೇರುಬಾಕ್ಸು, ನಾಲ್ಕು ಗಾಲಿಗೂ ಬಲ ಹಂಚುವ ಅದರ ಬೆನ್ನಿನ ಪೆಟ್ಟಿಗೆ. ಎಲ್ಲಕ್ಕೂ ಕೊನೆಯಲ್ಲಿ ಎಂಜಿನ್. ಅದಕ್ಕೂ ಕೊನೆಯಲ್ಲಿ ತಗಡಿನ ಬಾಡಿ. ಏಕೆಂದರೆ ಎಂಜಿನನ್ನು ಯಾವಾಗ ಬೇಕಾದರೂ ಇಳಿಸಬಹುದು, ಬುನಾದಿಯನ್ನು ಇಳಿಸಲಾಗದು. ಸಿಗದ ಭಾಗಕ್ಕಾಗಿ ಬೆಂಗಳೂರಿನ ಬಸ್ಸು ಹತ್ತಿ ಜೆ. ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿ, ಅಲ್ಲಿಯೂ ಇಲ್ಲವಾದರೆ ಶಿವಾಜಿನಗರದ ಗುಜರಿಗಳಲ್ಲಿ ಹುಡುಕಿ, ಎಲ್ಲಿಯೂ ದೊರೆಯದಿದ್ದರೆ ಹಳೆಯ ಭಾಗವನ್ನೇ ಮಾದರಿಯಾಗಿಟ್ಟು ಲೇತಿನಲ್ಲಿ ಕಡೆಯಿಸುತ್ತಿದ್ದರು. ಹೀಗೆ ಕಟ್ಟಿಸಿದವನು ಕೆಲಸ ನಡೆಯುವಾಗಲೆಲ್ಲ ಮಗ್ಗುಲಲ್ಲಿಯೇ ನಿಂತಿರುತ್ತಿದ್ದುದರಿಂದ, ಕಾಡಿನ ನಡುವೆ ರಾತ್ರಿ ಗಾಡಿ ನಿಂತರೆ ಯಾವ ಬೋಲ್ಟು ಸಡಿಲವಾಗಿದ್ದೀತೆಂದು ಅವನ ಕೈಬೆರಳಿಗೇ ತಿಳಿದಿರುತ್ತಿತ್ತು. ಹೊಸ ಗಾಡಿಯನ್ನು ಕೊಂಡವನಿಗೆ ಅದರ ಬೆಲೆಯ ಜೊತೆಯಲ್ಲಿ ಈ ವಿದ್ಯೆ ಬರುತ್ತಿರಲಿಲ್ಲ.

1973ರಲ್ಲಿ ಅರಬ್ ರಾಷ್ಟ್ರಗಳು ತೈಲಕ್ಕೆ ತಡೆಯೊಡ್ಡಿದ ಮೇಲೆ ಪೆಟ್ರೋಲಿನ ಬೆಲೆ ನೆಗೆಯಲು, ಕಟ್ಟುವವರ ಮುಂದೆ ಹೊಸದೊಂದು ಸವಾಲು ತಲೆದೋರಿತು. ಪೆಟ್ರೋಲ್ ಎಂಜಿನನ್ನು ಇಳಿಸಿ ಡೀಸೆಲ್ ಎಂಜಿನನ್ನು ಕೂಡಿಸುವುದು ಹೇಳಿದಷ್ಟು ಸುಲಭವಲ್ಲ. ಡೀಸೆಲ್ ಎಂಜಿನಿನ ತೂಕ ಹೆಚ್ಚು, ಕಂಪನ ಹೆಚ್ಚು, ಅದು ಬಲ ಕೊಡುವ ವೇಗವೇ ಬೇರೆ. ಆದುದರಿಂದ ಕೂಡಿಸುವ ತಟ್ಟೆಯಿಂದ ಸ್ಪ್ರಿಂಗಿನ ಪಟ್ಟಿಗಳವರೆಗೆ ಎಲ್ಲವನ್ನೂ ಮತ್ತೆ ಯೋಚಿಸಬೇಕು. ಕಾರ್ಖಾನೆಯವರೂ ಇದೇ ಹಾದಿಯನ್ನು ಹಿಡಿದು, ತಮ್ಮ ಟ್ರ್ಯಾಕ್ಟರಿನ ವಂಶದ ಎಂಜಿನನ್ನೂ, ಮುಂದೆ ಪ್ಯೂಜೋ ಕಂಪೆನಿಯ ಡೀಸೆಲ್ ಎಂಜಿನನ್ನೂ ಜೀಪಿಗೆ ಅಳವಡಿಸಿದರು. ಕಾರ್ಖಾನೆಯೂ ಗ್ಯಾರೇಜೂ ಒಂದೇ ಸಮಸ್ಯೆಗೆ ಒಂದೇ ಬಗೆಯ ಉತ್ತರವನ್ನು ಹುಡುಕುತ್ತಿದ್ದ ಆ ವರ್ಷಗಳೇ, ಕೊಂಡ ಜೀಪಿಗೂ ಕಟ್ಟಿದ ಜೀಪಿಗೂ ಅತಿ ಕಡಿಮೆ ಅಂತರವಿದ್ದ ಕಾಲವೆಂದು ನನಗೆ ತೋರುತ್ತದೆ.

ಆ ಅಂತರ ಹಿರಿದಾದದ್ದು ಮುಂದಿನ ದಶಕಗಳಲ್ಲಿ. 1985ರಲ್ಲಿ ಹಗುರವಾದ ಮಾರುತಿ ಜಿಪ್ಸಿ ಬಂದಿತು. 1994ರಲ್ಲಿ ಬ್ರೆಜಿಲ್ ದೇಶದ ತೋಟಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಲೋಕದಲ್ಲೆಲ್ಲ ಕಾಫಿಯ ಬೆಲೆ ಏರಿದ ಹೊತ್ತಿಗೇ ಇಲ್ಲಿ ಪೂಲಿನ ಪದ್ಧತಿಯೂ ಸಡಿಲಗೊಂಡು, ಬೆಳೆಗಾರರ ಅಂಗಳಗಳಿಗೆ ಹೊಸ ವಾಹನಗಳು ಬರತೊಡಗಿದವು. 2010ರಲ್ಲಿ ಹಳೆಯ ಜೀಪಿನ ಮುಖಚ್ಛಾಯೆಯನ್ನು ಉಳಿಸಿಕೊಂಡು ಬಂದ ಮಹೀಂದ್ರ ಥಾರ್, 2020ರ ತನ್ನ ಎರಡನೆಯ ರೂಪದಲ್ಲಿ ಗಾಳಿಚೀಲಗಳನ್ನೂ, ಗಾಲಿ ಜಾರದಂತೆ ತಡೆಯುವ ಬ್ರೇಕುಗಳನ್ನೂ, ಅಪಘಾತದಲ್ಲಿ ಒಳಗಿನವರನ್ನು ಕಾಯುವ ಗಟ್ಟಿಯಾದ ಬಾಡಿಯನ್ನೂ ಪಡೆಯಿತು. ತಗಡಿನ ಬಾಗಿಲೂ ಇಲ್ಲದ ಹಳೆಯ ಜೀಪಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿದವರಿಗೆ ಈ ರಕ್ಷಣೆಯ ಬೆಲೆ ಚೆನ್ನಾಗಿ ಗೊತ್ತು. ಅದನ್ನು ಕಡೆಗಣಿಸಿ ಹಳೆಯದನ್ನು ಹೊಗಳುವುದು ನ್ಯಾಯವಲ್ಲ. ಆದರೆ ಹೊಸ ಎಂಜಿನನ್ನು ಆಳುವುದು ಕಂಪ್ಯೂಟರು. ಅದರ ಕಾಯಿಲೆಯನ್ನು ಕಿವಿಗೊಟ್ಟು ಕೇಳಿ ತಿಳಿಯಲಾಗದು, ಯಂತ್ರ ಜೋಡಿಸಿಯೇ ಓದಬೇಕು.

ಕಾನೂನೂ ಈ ಅಂತರವನ್ನು ಗಟ್ಟಿಗೊಳಿಸಿತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮಾರ್ಪಾಟನ್ನು ನಿಯಂತ್ರಿಸುತ್ತದೆ. ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸಲಾಗದೆಂದು ವಿಧಿಸಿತು. ಖಾಸಗಿ ಬಳಕೆಯ ಗಾಡಿಯಾದರೆ ಹದಿನೈದು ವರ್ಷ ತುಂಬಿದ ಮೇಲೆ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಈ ನಿಯಮಗಳ ಉದ್ದೇಶ ಪ್ರಜೆಗಳ ಕ್ಷೇಮವೇ. ಮೂರು ಗಾಡಿಗಳ ಅಂಗಗಳನ್ನು ಕೂಡಿಸಿ ಒಂದರ ನಂಬರಿನಲ್ಲಿ ಓಡಿಸುವವರ ಅವಿವೇಕದಿಂದ ಆದ ಅನಾಹುತಗಳು ಅಲ್ಪವಲ್ಲ. ಅಂತೆಯೇ ಇಂದು ಹಳೆಯದನ್ನು ಹಿಡಿಯುವವನು ಮೊದಲು ಅಳೆಯಬೇಕಾದದ್ದು ಚಾಸಿಯನ್ನಲ್ಲ, ಕಾಗದಪತ್ರಗಳನ್ನು: ಚಾಸಿಯ ಮೇಲೆ ಕೆತ್ತಿದ ಸಂಖ್ಯೆಯೂ ಎಂಜಿನಿನ ಸಂಖ್ಯೆಯೂ ಆರ್‌ಸಿ ಪುಸ್ತಕಕ್ಕೆ ತಾಳೆಯಾಗಬೇಕು, ಮಾಡಿಸುವ ಕೆಲಸವೆಲ್ಲ ಮೂಲರೂಪದ ಜೀರ್ಣೋದ್ಧಾರವಾಗಬೇಕೇ ಹೊರತು ರೂಪಾಂತರವಾಗಬಾರದು.

ಹಾಗಾದರೆ ಕೊಳ್ಳುವುದು ಲೇಸೋ, ಕಟ್ಟಿಸುವುದು ಲೇಸೋ? ಸಂಸಾರವನ್ನು ಹೊತ್ತು ದಿನವೂ ದೂರ ಸಾಗಬೇಕಾದವನು ಹೊಸದನ್ನು ಕೊಳ್ಳುವುದೇ ವಿವೇಕವೆಂದು ನಾನು ಶಂಕೆಯಿಲ್ಲದೆ ಹೇಳುತ್ತೇನೆ. ತೋಟದ ದಾರಿಯ ಕೆಲಸಕ್ಕೆ, ಬಿಡುವೂ ತಾಳ್ಮೆಯೂ ನಂಬಿಕೆಯ ಮೇಸ್ತ್ರಿಯೂ ಉಳ್ಳವನು ನೇರವಾದ ಚಾಸಿ ಮತ್ತು ನೇರವಾದ ಕಾಗದ ದೊರೆತರೆ ಹಳೆಯದನ್ನು ಎತ್ತಿ ನಿಲ್ಲಿಸಲಿ. ನನ್ನ ಚಿಂತೆ ಬೇರೊಂದು. ಕೊಡಚಾದ್ರಿಯ ಕೆಮ್ಮಣ್ಣಿನ ಏರಿನಲ್ಲಿ, ಮಾಂದಲಪಟ್ಟಿಯ ಕಲ್ಲುದಾರಿಯಲ್ಲಿ, ಪ್ರವಾಸಿಗಳನ್ನು ಹೊತ್ತು ಇಂದಿಗೂ ಏರುವ ಹಳೆಯ ಜೀಪುಗಳನ್ನು ನಡೆಸಿಕೊಂಡು ಬರುತ್ತಿರುವುದು ಕೆಲವೇ ಮೇಸ್ತ್ರಿಗಳ ಕೈಚಳಕ. ಅವರ ತಲೆಗೂದಲು ನರೆತಿದೆ; ಅವರ ಬಳಿ ಕಲಿಯಬಂದ ಹುಡುಗರು ನಗರ ಸೇರಿದ್ದಾರೆ. ದಾರ ಹಿಡಿದು ಚಾಸಿ ಅಳೆಯುವ ಕ್ರಮವನ್ನು, ಸದ್ದು ಕೇಳಿ ಬೇರಿಂಗು ಸವೆದುದನ್ನು ಹೇಳುವ ಕಲೆಯನ್ನು, ಕನ್ನಡದಲ್ಲಿ ಅವರು ಆಡುವ ಮಾತಿನಲ್ಲಿಯೇ ಯಾರಾದರೂ ಬರೆದಿಡಬೇಕು. ನಮ್ಮ ಐಟಿಐಗಳು ಅಂಥವರನ್ನು ವಾರಕ್ಕೊಮ್ಮೆಯಾದರೂ ಕರೆದು ಮಕ್ಕಳ ಮುಂದೆ ನಿಲ್ಲಿಸಬೇಕು. ಹೊಸ ಗಾಡಿ ನಾಳೆಯೂ ಅಂಗಡಿಯಲ್ಲಿ ದೊರೆಯುತ್ತದೆ. ಮೇಸ್ತ್ರಿಯನ್ನು ಕೇಳಿ ಬರೆದುಕೊಳ್ಳುವುದಕ್ಕೆ ಮಾತ್ರ ಅವನು ಗ್ಯಾರೇಜಿನ ಬಾಗಿಲು ತೆರೆಯುತ್ತಿರುವಾಗಲೇ ನಾವು ಹೋಗಬೇಕು.